ಆನ್‌ಲೈನ್ ಕಾಯಕ: ಮುಂದುವರಿಸುವುದು ಯಾವಾಗ, ದಾರಿ ಬದಲಿಸುವುದು ಯಾವಾಗ?

 

ನಾನು ವ್ಯಾಪಾರಸ್ಥನಲ್ಲ. ಸರ್ಕಾರಿ ನೌಕರಿಯಲ್ಲಿ ಎಂಜಿನಿಯರ್ ಆಗಿ ಕೆರೆ, ನಾಲೆ, ಏರಿ ಎಂದು ಓಡಾಡಿ ನಿವೃತ್ತನಾದವನು. ಆದರೂ ನಮ್ಮ ಮಕ್ಕಳು ಮಾಡುತ್ತಿರುವ ಆನ್‌ಲೈನ್ ವ್ಯಾಪಾರದ ಬಗ್ಗೆ ಮಾತಾಡಿ ಎಂದು ಹೇಳಿದ್ದಾರೆ. ಕಾರಣ ಇಷ್ಟೆ. ಲೆಕ್ಕ ನೋಡಿಕೊಡಿ ಎಂದು ಕೆಲವು ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಅವರ ಹಿಂದೆಯೇ ಅವರ ತಾಯಂದಿರೂ ಬರುತ್ತಾರೆ. "ಸಾರ್, ನೀವಾದ್ರೂ ಬುದ್ಧಿ ಹೇಳ್ರಿ, ಇದ್ದ ಕೆಲಸ ಬಿಟ್ಟು ಬಂದು ಫೋನು ಹಿಡ್ಕೊಂಡು ಕೂತಿದಾನೆ" ಎನ್ನುತ್ತಾರೆ. ಮಗ ಹೇಳುವುದು, "ಇನ್ನೊಂದು ಆರು ತಿಂಗಳು ಸಾರ್, ಆಮೇಲೆ ಕುದುರುತ್ತೆ" ಎಂದು. ಇಬ್ಬರ ಮಾತಿನಲ್ಲೂ ಸತ್ಯ ಇರಬಹುದು. ಯಾರದು ಸರಿ ಎಂದು ತಿಳಿಯುವುದು ಹೇಗೆ? ಇವತ್ತಿನ ಮಾತು ಅಷ್ಟಕ್ಕೇ ಸೀಮಿತ.

ನನಗೆ ಗೊತ್ತಿರುವುದು ಕೆರೆ. ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ಎರಡೂ ತಾಲ್ಲೂಕು ಕೆರೆಗಳ ಸೀಮೆ. ಮಣ್ಣಿನ ಏರಿ ಎಂದಮೇಲೆ ಸ್ವಲ್ಪ ನೀರು ಜಿನುಗುವುದು ಸಹಜ. ಜಿನುಗು ಕಂಡ ಕೂಡಲೇ ಕೆರೆ ಒಡೆಯುತ್ತದೆ ಎಂದು ಕೂಗಬಾರದು. ಏರಿಯ ಬುಡಕ್ಕೆ ಹೋಗಿ ಬರುವ ನೀರನ್ನು ನೋಡಬೇಕು. ತಿಳಿನೀರು ಬರುತ್ತಿದ್ದು, ಅದರ ಪ್ರಮಾಣ ಒಂದೇ ಸಮ ಇದ್ದರೆ ಭಯವಿಲ್ಲ. ದಿನಾ ಅಳೆದು ಬರೆದಿಟ್ಟುಕೊಂಡರೆ ಸಾಕು. ಕೆಸರುನೀರು ಬಂದರೆ ಮಾತ್ರ ಒಂದು ಗಳಿಗೆಯೂ ಸುಮ್ಮನಿರಬಾರದು. ನೀರು ಏರಿಯ ಒಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ ಎಂದು ಅದರ ಅರ್ಥ. ಆಗ ಮೊದಲು ತೂಬು ತೆಗೆದು ನೀರಿನ ಮಟ್ಟ ಇಳಿಸಬೇಕು. ಜಿನುಗುವ ಜಾಗಕ್ಕೆ ಮರಳು, ಅದರ ಮೇಲೆ ಜಲ್ಲಿ ಹಾಕಿ, ನೀರು ಹೋಗಲಿ, ಮಣ್ಣು ಹೋಗದಿರಲಿ ಎಂಬಂತೆ ಮಾಡಬೇಕು. ತಿಳಿಯದವರು ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚುತ್ತಾರೆ. ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ.

ವ್ಯಾಪಾರದ ನಷ್ಟದಲ್ಲೂ ಈ ಎರಡು ಬಗೆ ಇವೆ. ಒಂದು ಆರ್ಡರಿನಲ್ಲಿ ಖರ್ಚೆಲ್ಲ ಕಳೆದು ನಾಲ್ಕು ಕಾಸು ಉಳಿಯುತ್ತಿದೆ, ಆದರೆ ಆರ್ಡರುಗಳು ಕಡಿಮೆ ಇರುವುದರಿಂದ ತಿಂಗಳ ಬಾಡಿಗೆ, ಕಂತು ಗಿಟ್ಟುತ್ತಿಲ್ಲ ಎಂದರೆ ಅದು ತಿಳಿನೀರು. ತಾಳ್ಮೆಯಿಂದ ಮುಂದುವರಿಯಬಹುದು. ಆರ್ಡರು ಹೆಚ್ಚಿದಂತೆ ನಷ್ಟ ತಗ್ಗುತ್ತದೆ. ಪ್ರತಿ ಆರ್ಡರಿನಲ್ಲೂ ಕೈಯಿಂದ ಹೋಗುತ್ತಿದೆ ಎಂದರೆ ಅದು ಕೆಸರುನೀರು. ಅಲ್ಲಿ ಹಟ ಹಿಡಿದಷ್ಟೂ ಬಂಡವಾಳ ಕೊಚ್ಚಿಹೋಗುತ್ತದೆ. ಅದನ್ನು ಮುಚ್ಚಲು ಸಾಲ ತರುವುದು ಜೇಡಿಮಣ್ಣು ಮೆತ್ತಿದ ಹಾಗೆ.

ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಹೆಣ್ಣುಮಗಳು ಖಡಕ್ ರೊಟ್ಟಿ ಮಾಡಿ ಬೆಂಗಳೂರಿಗೆ ಕಳಿಸುತ್ತಿದ್ದಳು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂನಲ್ಲಿ ಆರ್ಡರು. ರೊಟ್ಟಿ ಬಹಳ ಚೆನ್ನಾಗಿತ್ತು. ಆರ್ಡರೂ ಏರುತ್ತಿತ್ತು. ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಇಬ್ಬರೂ ಕೂತು ಒಂದೇ ಒಂದು ಪೆಟ್ಟಿಗೆಯ ಲೆಕ್ಕ ಬರೆದೆವು. ನಿಮಗೆ ದುಂಡು ಅಂಕಿಯಲ್ಲಿ ಹೇಳುತ್ತೇನೆ. ಮಾರುವ ಬೆಲೆ 400 ರೂಪಾಯಿ. ಹಿಟ್ಟು ಮತ್ತು ತಟ್ಟುವವರ ಕೂಲಿ 160, ಪೆಟ್ಟಿಗೆ 30, ಕೊರಿಯರ್ 200, ಜಾಹೀರಾತು 40. ಒಟ್ಟು 430. ಒಂದು ಪೆಟ್ಟಿಗೆಗೆ 30 ರೂಪಾಯಿ ನಷ್ಟ. ನೂರು ಪೆಟ್ಟಿಗೆ ಹೋದರೆ 3,000, ಸಾವಿರ ಹೋದರೆ 30,000. ಆರ್ಡರು ಏರಿತೆಂದು ಮನೆಯವರು ಸಂತೋಷಪಡುತ್ತಿದ್ದರು, ಏರಿದ್ದು ನಷ್ಟ.

ಕೊರಿಯರ್ ಅಷ್ಟೊಂದು ಏಕೆ? ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. 30, 30, 20 ಸೆಂಟಿಮೀಟರಿನ ರೊಟ್ಟಿ ಪೆಟ್ಟಿಗೆ ಒಂದೂವರೆ ಕಿಲೋ ತೂಗಿದರೂ ಲೆಕ್ಕಕ್ಕೆ 3.6 ಕಿಲೋ. ಅದೇ ಅಡುಗೆಮನೆಯ ಶೇಂಗಾ ಚಟ್ನಿಪುಡಿ ಅರ್ಧ ಕಿಲೋ, 20, 15, 10 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಹೋಗುತ್ತದೆ, ಲೆಕ್ಕಕ್ಕೆ 0.6 ಕಿಲೋ. ಬೆಲೆ 300, ಖರ್ಚೆಲ್ಲ ಸೇರಿ 280. ಉಳಿಯುವುದು 20 ರೂಪಾಯಿಯೇ ಇರಲಿ, ಆದರೆ ಉಳಿಯುತ್ತದೆ. ಆಕೆ ರೊಟ್ಟಿ ಬಿಡಲಿಲ್ಲ. ರೊಟ್ಟಿಯನ್ನು ಸೊರಬ, ಶಿರಾಳಕೊಪ್ಪ, ಸಾಗರದ ಅಂಗಡಿಗಳಿಗೆ ಬಸ್ಸಿನಲ್ಲಿ ಹಾಕಿದಳು, ಚಟ್ನಿಪುಡಿಯನ್ನು ದೂರದೂರಿಗೆ ಕಳಿಸಿದಳು. ಕಾಯಕ ಅದೇ, ಕಳಿಸುವ ದಾರಿ ಬೇರೆಯಾಯಿತು.

ಇನ್ನೊಬ್ಬ ಹುಡುಗ ಶಿಕಾರಿಪುರ ಕಡೆಯವನು. ಮೆಕ್ಕೆಜೋಳದ ಸುಗ್ಗಿಯಲ್ಲಿ ಟ್ರ್ಯಾಕ್ಟರು, ಜೋಳ ಬಿಡಿಸುವ ಯಂತ್ರ ಸಿಗದೆ ರೈತರು ಪರದಾಡುವುದು ನಿಮಗೆಲ್ಲ ಗೊತ್ತು. ಯಂತ್ರ ಇರುವವರನ್ನೂ ಬೇಕಾದವರನ್ನೂ ಸೇರಿಸಲು ಅವನು ಒಂದು ಆ್ಯಪ್ ಮಾಡಿಸಿದ. ಆ್ಯಪ್ ಯಾರೂ ಹಾಕಿಕೊಳ್ಳಲಿಲ್ಲ, ಆದರೆ ಅದರಲ್ಲಿದ್ದ ನಂಬರಿಗೆ ಫೋನು ಮಾಡುತ್ತಿದ್ದರು. ಅವನಿಗೆ ಬೇಸರ: "ಜನಕ್ಕೆ ಆ್ಯಪ್ ಬೇಡ ಸಾರ್, ನಿಲ್ಲಿಸಿಬಿಡ್ತೀನಿ." ನಾನು ಕೇಳಿದೆ: "ಯಂತ್ರ ಬೇಡ ಅಂದ್ರಾ?" ಬೇಡವಾಗಿದ್ದು ಆ್ಯಪ್. ಯಂತ್ರದ ಅಗತ್ಯ ಹಾಗೇ ಇತ್ತು. ಅವನಿಗೆ ಒಂದು ಬುಕಿಂಗಿಗೆ ಖರ್ಚು ಕಳೆದು 40 ರೂಪಾಯಿ ಉಳಿಯುತ್ತಿತ್ತು. ಅಂಗಡಿ ಬಾಡಿಗೆ, ಕಂತು ಸೇರಿ ತಿಂಗಳಿಗೆ 12,000. ಅಂದರೆ 300 ಬುಕಿಂಗ್ ಬೇಕು, ಸುಗ್ಗಿಯಲ್ಲಿ ಬರುತ್ತಿದ್ದುದು 200. ಇದು ತಿಳಿನೀರು. ಅಂಗಡಿ ಬಿಟ್ಟು ಮನೆಯ ಜಗುಲಿಯಿಂದಲೇ ಫೋನು, ವಾಟ್ಸ್‌ಆ್ಯಪ್‌ನಲ್ಲಿ ನಡೆಸಿದ. ಅಷ್ಟಕ್ಕೇ ಲೆಕ್ಕ ಸಮವಾಯಿತು. ಈಗಲೂ ನಡೆಸುತ್ತಿದ್ದಾನೆ.

ಇದು ಹಳ್ಳಿಯವರ ಸಣ್ಣ ವ್ಯಾಪಾರಕ್ಕೆ ಮಾತ್ರ ಹೊಂದುವ ಮಾತಲ್ಲ. ನೀವು ಬೆಂಗಳೂರಿಗೆ ಹೋಗಲು ಸೀಟು ಕಾದಿರಿಸುವ ರೆಡ್‌ಬಸ್ 2006ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದ ಫಣೀಂದ್ರ ಸಾಮಾ ಎಂಬ ಎಂಜಿನಿಯರ್ ಗೆಳೆಯರ ಜೊತೆ ಸೇರಿ ಮೊದಲು ಮಾಡಿದ್ದು ಬಸ್ಸಿನವರಿಗೆ, ಏಜೆಂಟರಿಗೆ ಬೇಕಾದ ಸಾಫ್ಟ್‌ವೇರ್. ಅದನ್ನು ಯಾರೂ ಮುಟ್ಟಲಿಲ್ಲ. ಹಾಗೆಂದು ಪ್ರಯಾಣಿಕರ ಕಷ್ಟ ಸುಳ್ಳಾಗಲಿಲ್ಲ. ಸಾಫ್ಟ್‌ವೇರ್ ಬದಿಗಿಟ್ಟು, ನಮಗೆ ಕೆಲವೇ ಸೀಟು ಕೊಡಿ, ನಾವೇ ಮಾರಿಕೊಡುತ್ತೇವೆ ಎಂದು ಬಸ್ಸಿನವರನ್ನು ಕೇಳಿದರು. ಹಾಗೆ ಬೆಳೆಯಿತು.

ಬಟ್ಟೆ ಮಾರುವ ಮಿಂತ್ರವನ್ನು ನೋಡಿ. 2007ರಲ್ಲಿ ಅದು ಶುರುವಾದದ್ದು ಟೀ ಶರ್ಟು, ಮಗ್ಗುಗಳ ಮೇಲೆ ಹೆಸರು, ಚಿತ್ರ ಅಚ್ಚು ಹಾಕಿ ಉಡುಗೊರೆಯಾಗಿ ಮಾರಲು. ಕೆಲವು ವರ್ಷಗಳ ನಂತರ ಅದನ್ನು ಬಿಟ್ಟು ಬಟ್ಟೆಬರೆಗೆ ತಿರುಗಿದರು. ಆ ತಿರುವು ಅವರನ್ನು ಬೆಳೆಸಿತು. ಅದೇ ಕಂಪನಿ 2015ರ ಮೇ ತಿಂಗಳಲ್ಲಿ ವೆಬ್‌ಸೈಟು ಮುಚ್ಚಿ, ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ವ್ಯಾಪಾರ ಎಂದಿತು. ಕಂಪ್ಯೂಟರಿನಲ್ಲಿ ನೋಡಿ ಕೊಳ್ಳುವವರೂ ಇದ್ದರು. 2016ರಲ್ಲಿ ವೆಬ್‌ಸೈಟನ್ನು ಮತ್ತೆ ತೆರೆದರು. ದಾರಿ ಬದಲಿಸುವುದೆಲ್ಲ ಜಾಣತನವಲ್ಲ. ಬದಲಿಸಿದ್ದು ಸರಿಯಾಗದಿದ್ದರೆ ಹಿಂದಕ್ಕೆ ಬರುವುದೂ ಅವಮಾನವಲ್ಲ.

ಇನ್ನು ನಿಲ್ಲಿಸುವ ಮಾತು. ಕನ್ನಡದಲ್ಲಿ, ಭಾರತೀಯ ಭಾಷೆಗಳಲ್ಲಿ ಬರೆದು ಹಂಚಿಕೊಳ್ಳಲೆಂದು ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದಾವತ್ಕ ಬೆಂಗಳೂರಿನಲ್ಲಿ 2020ರಲ್ಲಿ 'ಕೂ' ಶುರು ಮಾಡಿದರು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಗೆದ್ದಿತು. ಲಕ್ಷಾಂತರ ಜನ ಬಳಸಿದರು. ಆದರೂ ಅದನ್ನು ನಡೆಸುವ ಖರ್ಚು ಬಹಳ, ಹೊಸ ಬಂಡವಾಳ ಬರಲಿಲ್ಲ, ದೊಡ್ಡ ಕಂಪನಿಗಳ ಜೊತೆ ನಡೆಸಿದ ಮಾತುಕತೆ ಫಲಿಸಲಿಲ್ಲ. 2024ರ ಜುಲೈನಲ್ಲಿ ನಿಲ್ಲಿಸುತ್ತಿದ್ದೇವೆ ಎಂದು ಕಾರಣ ಸಮೇತ ಬಹಿರಂಗವಾಗಿ ಬರೆದರು. ಅದಕ್ಕೂ ಮೊದಲೇ ಕೆಲಸ ಕಳೆದುಕೊಂಡವರಿದ್ದರು, ಅದು ಸಣ್ಣ ನೋವಲ್ಲ. ಆದರೆ ಜನಪ್ರೀತಿ ಇದ್ದ ಮಾತ್ರಕ್ಕೆ ವ್ಯಾಪಾರ ನಿಲ್ಲುವುದಿಲ್ಲ ಎಂಬುದನ್ನು ಇದರಿಂದ ಕಲಿಯಬೇಕು.

ಈಗ ಯುವಕ ಯುವತಿಯರಿಗೆ ನಾಲ್ಕು ಮಾತು.

ಮೊದಲನೆಯದು, ಶುರು ಮಾಡುವ ಮುಂಚೆಯೇ ಮಿತಿ ಬರೆದಿಡಿ. ಇಷ್ಟು ಹಣ, ಇಷ್ಟು ದಿನ. ಸರ್ಕಾರಿ ಕಾಮಗಾರಿಯಲ್ಲಿ ಮಂಜೂರಾದ ಎಸ್ಟಿಮೇಟ್ ಮೀರಿದರೆ ರಿವೈಸ್ಡ್ ಎಸ್ಟಿಮೇಟ್ ಹಾಕಿ, ಕಾರಣ ಬರೆದು, ಮತ್ತೆ ಒಪ್ಪಿಗೆ ಪಡೆಯಬೇಕು. ನಿಮ್ಮ ಮನೆಯಲ್ಲೂ ಅದೇ ನಿಯಮ ಇರಲಿ. ಮಿತಿ ಮೀರುವ ದಿನ ಬಂದರೆ ಮನೆಯವರನ್ನೆಲ್ಲ ಕೂರಿಸಿ ಲೆಕ್ಕ ಮುಂದಿಟ್ಟು ಕೇಳಿ. ತಾಯಿಯ ಕೊರಳಿನ ಸರ, ತಂದೆಯ ಗದ್ದೆಯ ಪಹಣಿ ಆ ಎಸ್ಟಿಮೇಟಿನೊಳಗೆ ಬರಕೂಡದು.

ಎರಡನೆಯದು, ಎರಡನೇ ಸಲ ಕೊಂಡವರನ್ನು ಎಣಿಸಿ. ನೆಂಟರು, ಗೆಳೆಯರು, ನಮ್ಮ ಮಠದ ಭಕ್ತರು ಒಂದು ಸಲ ಪ್ರೀತಿಯಿಂದ ಕೊಳ್ಳುತ್ತಾರೆ. ಅದು ಪ್ರೋತ್ಸಾಹ, ವ್ಯಾಪಾರವಲ್ಲ. ನಿಮ್ಮ ಮುಖ ನೋಡದವರು ಮತ್ತೆ ಮತ್ತೆ ಕೇಳಿದರೆ ಆ ಪದಾರ್ಥಕ್ಕೆ ಬೇಡಿಕೆ ಇದೆ ಎಂದು ತಿಳಿಯಿರಿ.

ಮೂರನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೆಲೆ, ಪೆಟ್ಟಿಗೆ, ಜಾಹೀರಾತು ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಬದಲಿಸಿದ್ದಕ್ಕೆ ಸಮಯ ಕೊಡಿ.

ನಾಲ್ಕನೆಯದು, ಪಕ್ಕದವರನ್ನು ನೋಡಿ ದಾರಿ ಬದಲಿಸಬೇಡಿ. ಒಬ್ಬರಿಗೆ ಶುಂಠಿಯಲ್ಲಿ ದುಡ್ಡಾಯಿತು ಎಂದು ಊರೆಲ್ಲ ಶುಂಠಿ ಹಾಕಿದ ವರ್ಷ ಏನಾಗುತ್ತದೆ ಎಂದು ನಿಮ್ಮ ತಂದೆಯವರನ್ನು ಕೇಳಿ. ಕೊಳೆ ರೋಗವೂ ಬರುತ್ತದೆ, ಬೆಲೆಯೂ ಬೀಳುತ್ತದೆ.

ಹಿರಿಯರಿಗೂ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಒಬ್ಬ ಹುಡುಗ ಮೊಬೈಲ್ ಬಿಡಿಭಾಗಗಳನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದ. ಪಾರ್ಸೆಲ್ ತಲುಪಿದ ಮೇಲೆ ದುಡ್ಡು ಎಂಬ ಕರಾರು. ಜನ ಬೇಡವೆಂದು ವಾಪಸ್ ಕಳಿಸಿದ ಪಾರ್ಸೆಲ್ಲಿಗೆ ಹೋಗುವ ಬರುವ ಎರಡೂ ಖರ್ಚು ಅವನದೇ. ಕೆಸರುನೀರು ಎಂದು ಅವನಿಗೆ ನಾಲ್ಕನೇ ತಿಂಗಳಲ್ಲೇ ಗೊತ್ತಾಗಿತ್ತು. ಆದರೂ ಒಂದು ವರ್ಷ ನಡೆಸಿದ. ಏಕೆ ಎಂದು ಕೇಳಿದ್ದಕ್ಕೆ, "ನಿಲ್ಲಿಸಿದ್ರೆ ನೆಂಟರೆಲ್ಲ ಆಡಿಕೊಳ್ತಾರೆ ಸಾರ್" ಎಂದ. ಆ ಎಂಟು ತಿಂಗಳಲ್ಲಿ ತಾಯಿಯ ಸರ ಗಿರವಿಗೆ ಹೋಯಿತು. ಈಗ ಶಿವಮೊಗ್ಗದ ಅಂಗಡಿಯೊಂದರಲ್ಲಿ ದುಡಿದು ಬಡ್ಡಿ ಕಟ್ಟುತ್ತಿದ್ದಾನೆ. ಮದುವೆ ಮನೆಯೊಂದರಲ್ಲಿ ಯಾರೋ ಅವನನ್ನು ತೋರಿಸಿ "ಸೋತು ಬಂದ" ಎಂದದ್ದನ್ನು ನಾನೇ ಕೇಳಿದೆ. ಆ ಸರವನ್ನು ಗಿರವಿ ಅಂಗಡಿಗೆ ಕಳಿಸಿದ್ದರಲ್ಲಿ ಇಂಥ ಮಾತಿಗೂ ಪಾಲಿದೆ.

ಶರಣರು ಕಾಯಕವೇ ಕೈಲಾಸ ಎಂದರು. ಇಂಥ ಕಾಯಕವೇ ಆಗಬೇಕು, ಇದೇ ಅಂಗಡಿಯಲ್ಲೇ ಆಗಬೇಕು ಎನ್ನಲಿಲ್ಲ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದವಳು ಲಕ್ಕಮ್ಮ. ಎಷ್ಟು ಬೇಕು, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಆ ಮನೆಯಲ್ಲಿತ್ತು. ಹಾಗಾಗಿ ಒಂದು ಅಂಗಡಿ ಮುಚ್ಚಿದವನನ್ನು ಸೋತವನು ಎನ್ನಬೇಡಿ. ಮೂರು ತಿಂಗಳಿಗೇ "ಇನ್ನೂ ಏನೂ ಇಲ್ವಾ?" ಎಂದು ಚುಚ್ಚಲೂಬೇಡಿ. "ಎಷ್ಟು ಆರ್ಡರ್ ಬಂತು?" ಎಂದು ಕೇಳುವ ಬದಲು "ಒಂದು ಆರ್ಡರಿಗೆ ಎಷ್ಟು ಉಳೀತು?" ಎಂದು ಕೇಳಿ.

ಕೊನೆಯದಾಗಿ ಒಂದು ಬೇಡಿಕೆ. ಈ ಸಭೆಯಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದೀರಿ, ಶಿಕ್ಷಕರಿದ್ದೀರಿ, ಅಂಗಡಿ ನಡೆಸಿ ಅನುಭವ ಇರುವವರಿದ್ದೀರಿ. ಪೂಜ್ಯರು ಒಪ್ಪಿದರೆ ತಿಂಗಳಿಗೊಂದು ದಿನ, ಎರಡು ಗಂಟೆ, ಇದೇ ಮಠದ ಪಡಸಾಲೆಯಲ್ಲಿ ನಾವು ಕೂರೋಣ. ಮಕ್ಕಳು ಲೆಕ್ಕದ ಪುಸ್ತಕ ತರಲಿ. ಉಪದೇಶ ಬೇಡ, ಒಂದು ಆರ್ಡರಿನ ಖರ್ಚು ವೆಚ್ಚ ಬರೆದು ನೋಡೋಣ, ಸಾಕು. ಹಣ ಕೊಡಲಾಗದ ನಾವು ಸಮಯದ ದಾಸೋಹವನ್ನಾದರೂ ಮಾಡಬಹುದು. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.