ಒಂದೇ ಹೆಸರಿನ ಆಯಿಲ್, ಎರಡು ಬಣ್ಣ

(ತೋಟದ ಡ್ರೈವರುಗಳು, ಜನರೇಟರ್ ನೋಡಿಕೊಳ್ಳುವವರು ಮತ್ತು ಅವರ ಮನೆಯವರ ಕೂಟದಲ್ಲಿ ಮಾಡಿದ ಭಾಷಣ)



ಹೋದ ಕೂಟದ ಕೊನೆಯಲ್ಲಿ ಟ್ರ್ಯಾಕ್ಟರ್ ಓಡಿಸುವ ಸಹೋದರರೊಬ್ಬರು ಒಂದು ಪ್ರಶ್ನೆ ಹಾಕಿದರು. "ಅದೇ ಕಂಪೆನಿ, ಅದೇ ಹೆಸರು, ಅದೇ 15ಡಬ್ಲ್ಯೂ-40. ಆದರೆ ಮೊದಲಿನ ಬ್ಯಾರೆಲಿನ ಆಯಿಲ್ ಜೇನಿನ ಬಣ್ಣವಿತ್ತು, ಈಗ ಬಂದದ್ದು ಕಷಾಯದ ಹಾಗೆ ಕಂದಾಗಿದೆ. ಬೆರಳಿಗೆ ಹಚ್ಚಿದರೆ ತೆಳ್ಳಗೂ ಕಾಣುತ್ತದೆ. ನಮಗೆ ಮೋಸವಾಗಿದೆಯೇ?" ಎಂದು. ಹೊತ್ತಾಗಿದ್ದುದರಿಂದ ಅಂದು ಉತ್ತರ ಹೇಳಲಾಗಲಿಲ್ಲ. ಇಂದು ಅದನ್ನೇ ಎತ್ತಿಕೊಳ್ಳುತ್ತೇನೆ. ಇದು ಗಂಡಸರ ಎಂಜಿನ್ ಮಾತು ಎಂದು ತಾಯಂದಿರು ಎದ್ದು ಹೋಗಬಾರದು. ಎಂಜಿನ್ ಸೀಜ್ ಆದ ದಿನ ತಪ್ಪು ಯಾರ ಮೇಲೆ ಬರುತ್ತದೆ, ಯಾರ ಸಂಬಳದಲ್ಲಿ ಹಿಡಿಯುತ್ತಾರೆ ಎಂಬುದು ಲೈನು ಮನೆಯ ಒಲೆಯವರೆಗೂ ಬರುವ ವಿಷಯ.

ನಮಗೆ ಗೊತ್ತಿರುವ ವಸ್ತುವಿನಿಂದಲೇ ಹೊರಡೋಣ. ಫ್ಯಾಕ್ಟರಿಯಿಂದ ಹೊರಡುವ ಚಹದ ಚೀಲದ ಮೇಲೆ ವರ್ಷವಿಡೀ ಅದೇ ತೋಟದ ಹೆಸರು, ಅದೇ ಗ್ರೇಡು. ಆದರೆ ಜನವರಿಯ ಹಿಮದಲ್ಲಿ ಕಿತ್ತ ಎಲೆಯ ಚಹವೂ ಜುಲೈ ಮಳೆಯಲ್ಲಿ ಕಿತ್ತ ಎಲೆಯ ಚಹವೂ ಒಂದೇ ಘಮವೇ? ಕಿತ್ತವರು ನೀವೇ, ನಿಮಗೆ ಹೇಳಬೇಕಾಗಿಲ್ಲ. ಆದರೂ ಎರಡೂ ಕಲಬೆರಕೆಯಲ್ಲ. ಎಂಜಿನ್ ಆಯಿಲ್ ಕೂಡ ಹಾಗೆಯೇ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ಮೂಲ ಎಣ್ಣೆ. ನಮ್ಮ ದೇಶದಲ್ಲಿ ಅದು ಚೆನ್ನೈ ಬಳಿಯ ಮಣಲಿ, ಮುಂಬಯಿ, ಹಾಲ್ದಿಯಾ ಮೊದಲಾದ ಕಡೆಯ ಶುದ್ಧೀಕರಣ ಕಾರ್ಖಾನೆಗಳಲ್ಲಿ ತಯಾರಾಗುತ್ತದೆ. ಹೊರದೇಶದಿಂದಲೂ ಹಡಗಿನಲ್ಲಿ ಬರುತ್ತದೆ. ಹಳೆಯ ವಿಧಾನದಲ್ಲಿ ತೆಗೆದ ಎಣ್ಣೆ ಹಳದಿ ಕಂದು. ಹೈಡ್ರೋಜನ್ ಹಾಯಿಸಿ ಶುದ್ಧಿ ಮಾಡಿದ್ದು ಬಹುಪಾಲು ನೀರಿನ ಬಣ್ಣ. ಇದಕ್ಕೆ ಬೆರೆಸುವ ಮದ್ದುಗಳು ಬೇರೆ: ಮಸಿಯನ್ನು ತೊಳೆಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ ಮದ್ದು, ಸವೆತ ತಡೆಯುವ ಸತು ಮತ್ತು ರಂಜಕದ ಮದ್ದು, ನೊರೆ ತಡೆಯುವ ಮದ್ದು. ಈ ಮದ್ದುಗಳೇ ಕಡುಗಂದು ಬಣ್ಣದವು. ಮೂಲ ಎಣ್ಣೆ ಬಂದ ಊರು ಬದಲಾದರೂ, ಮದ್ದು ಕೊಡುವವರು ಬದಲಾದರೂ, ಆಯಿಲಿನ ಬಣ್ಣ ವಾಸನೆಗಳೂ ಬದಲಾಗುತ್ತವೆ. ಆದುದರಿಂದ ಬಣ್ಣ ಒಂದನ್ನೇ ನೋಡಿ ಮೋಸವೆಂದು ಕೂಗುವುದು ಸರಿಯಲ್ಲ. ಹಾಗೆಯೇ ಜೇನಿನ ಬಣ್ಣ ಕಂಡು ಹಿಗ್ಗುವುದಕ್ಕೂ ಕಾರಣವಿಲ್ಲ. ಓಡಿದ ಆಯಿಲನ್ನು ಸೋಸಿ, ಬಣ್ಣ ತೆಗೆದು, ಹಳೆಯ ಡಬ್ಬಕ್ಕೆ ತುಂಬಿ ಮಾರುವವನು ಮೊದಲು ಸರಿಮಾಡುವುದೇ ಬಣ್ಣವನ್ನು.

ಇನ್ನು ತೆಳು ಮಂದದ ವಿಚಾರ. ಡಬ್ಬದ ಮೇಲಿನ 40 ಎಂಬ ಅಂಕಿಗೆ ಒಂದು ಅಳತೆಯಿದೆ. ಆಯಿಲನ್ನು 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಳೆದಾಗ ಅದರ ಸ್ನಿಗ್ಧತೆ 12.5 ಸೆಂಟಿಸ್ಟೋಕಿಗೆ ಕಡಿಮೆಯಾಗಬಾರದು, 16.3ನ್ನು ಮುಟ್ಟಬಾರದು. ಇವೆರಡರ ನಡುವೆ ಎಲ್ಲಿದ್ದರೂ ಅದು 40ನೇ ನಂಬರೇ. ಹೀಗಾಗಿ 13 ಇರುವ ಬ್ಯಾಚೂ 15 ಇರುವ ಬ್ಯಾಚೂ ಎರಡೂ ನ್ಯಾಯವಾದವೇ. ಆದರೆ ಬೆರಳಿಗೆ ಹಚ್ಚಿ ಉಜ್ಜಿ ಈ ಅಂತರವನ್ನು ಹೇಳುತ್ತೇನೆ ಎಂದು ಯಾವ ಮಿಸ್ತ್ರಿಯೂ ಜಂಬ ಕೊಚ್ಚಬಾರದು. ನಮ್ಮ ಬೆರಳಿಗೆ ತಿಳಿಯುವುದು ಹೆಚ್ಚಾಗಿ ಆ ದಿನದ ಚಳಿ. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಅಂಗಡಿಯವನನ್ನು ಯಾರಾದರೂ ಬಯ್ಯುತ್ತಾರೆಯೇ? ಬಿಸಿಲಿಗಿಟ್ಟು ಕಾಯುತ್ತೇವೆ. ಈ 15ಡಬ್ಲ್ಯೂ-40 ಆಯಿಲ್ ಕೂಡ ಬೆಳಗ್ಗೆ 10 ಡಿಗ್ರಿಯಲ್ಲಿದ್ದಾಗಿನ ಮಂದ, ಮಧ್ಯಾಹ್ನ 25 ಡಿಗ್ರಿಗೆ ಬಂದಾಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮೊದಲ ಬ್ಯಾರೆಲನ್ನು ಡಿಸೆಂಬರ್ ಬೆಳಗಿನಲ್ಲಿ ತೆರೆದು, ಎರಡನೆಯದನ್ನು ಏಪ್ರಿಲ್ ಮಧ್ಯಾಹ್ನ ತೆರೆದರೆ ಎರಡನೆಯದು ತೆಳ್ಳಗೆ ಕಾಣಲೇಬೇಕು. ಎರಡನ್ನೂ ಒಂದೇ ಬಗೆಯ ಸೀಸೆಯಲ್ಲಿ ಹಾಕಿ, ಒಂದೇ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು, ಒಟ್ಟಿಗೆ ಬಗ್ಗಿಸಿ ನೋಡಿದರೆ ಮಾತ್ರ ಅದು ಹೋಲಿಕೆ.

ಹೆಸರು ಅದೇ ಇದ್ದು ಒಳಗಿನ ಸರಕೇ ಬದಲಾಗುವುದೂ ಉಂಟು. ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ಸಿಎಚ್-4, ಸಿಐ-4, ಸಿಕೆ-4 ಎಂದು ಬರೆದಿರುತ್ತದೆ. ಸಿಐ-4 ಎಂಬುದು 2002ರಲ್ಲಿ ಬಂದ ದರ್ಜೆ. ಸಿಕೆ-4 ಬಂದದ್ದು 2016ರ ಕೊನೆಯಲ್ಲಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಲಾರಿ, ಪಿಕಪ್‌ಗಳು ಬಂದ ಮೇಲೆ ಇದು ಸಣ್ಣ ವಿಷಯವಾಗಿ ಉಳಿದಿಲ್ಲ. ಆ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಸಿಕ್ಕಿದ ಮಸಿ ಅಲ್ಲೇ ಸುಟ್ಟು ಹೋಗುತ್ತದೆ, ಆದರೆ ಆಯಿಲಿನ ಮದ್ದಿನಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಆದಕಾರಣ ಅವಕ್ಕೆ ಬೂದಿ ಕಡಿಮೆಯ ಆಯಿಲೇ ಬೇಕು. ಹಳೆಯ ಟ್ರ್ಯಾಕ್ಟರಿನ ಬ್ಯಾರೆಲಿನಿಂದ ಎರಡು ಲೀಟರ್ ಎತ್ತಿ ಹೊಸ ಪಿಕಪ್ಪಿಗೆ ಹಾಕುವ ಅಭ್ಯಾಸವನ್ನು ಬಿಡತಕ್ಕದ್ದು. ಗಾಡಿಯ ಪುಸ್ತಕದಲ್ಲಿ ಬರೆದ ಅಕ್ಷರಗಳನ್ನೂ ಡಬ್ಬದ ಅಕ್ಷರಗಳನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ಓದಿರಿ. ನಿಮಗೆ ಓದಲು ತೊಡಕಾದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿರಿ.

ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ ಬೇರೆಯೇ ಒಂದಿದೆ. ನಮ್ಮ ತೋಟಗಳಲ್ಲಿ ಆಯಿಲ್ ಕೆಡುವುದು ಕಾರ್ಖಾನೆಯಲ್ಲೂ ಅಲ್ಲ, ಅಂಗಡಿಯಲ್ಲೂ ಅಲ್ಲ. ಅದು ಕೆಡುವುದು ನಮ್ಮ ಸ್ಟೋರಿನ ಹಿಂದೆ. 210 ಲೀಟರಿನ ಬ್ಯಾರೆಲನ್ನು ಗೋಡೆಗೆ ಒರಗಿಸಿ ಮಳೆಯಲ್ಲಿ ನಿಲ್ಲಿಸುತ್ತಾರೆ. ಅದರ ತಲೆಯ ಮೇಲೆ ಅಂಚಿನ ಒಳಗೆ ನೀರು ನಿಲ್ಲುತ್ತದೆ. ಮುಚ್ಚಳ ಆ ನೀರಿನಲ್ಲಿ ಮುಳುಗಿರುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿಯೂ ಆಯಿಲೂ ಹಿಗ್ಗಿ ಸ್ವಲ್ಪ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ಚಳಿಗೆ ಕುಗ್ಗಿದಾಗ ಬ್ಯಾರೆಲ್ ಉಸಿರು ಒಳಗೆಳೆದುಕೊಳ್ಳುತ್ತದೆ. ಎಳೆದುಕೊಳ್ಳುವಾಗ ಮೇಲೆ ನಿಂತ ನೀರೇ ಸಡಿಲ ಮುಚ್ಚಳದ ಸಂದಿನಿಂದ ಇಳಿಯುತ್ತದೆ. ನೀಲಗಿರಿಯಂತಹ ಕಡೆ, ಹಗಲಿಗೂ ರಾತ್ರಿಗೂ ಇಷ್ಟು ಅಂತರವಿರುವಲ್ಲಿ, ಜೂನಿನ ಮಳೆ ನಿಲ್ಲುವ ಹೊತ್ತಿಗೆ ಅಕ್ಟೋಬರಿನ ಮಳೆ ಹಿಡಿಯುವಲ್ಲಿ, ಒಂದು ಬ್ಯಾರೆಲ್ ಆರು ತಿಂಗಳಲ್ಲಿ ಎಷ್ಟು ಸಲ ಹೀಗೆ ಉಸಿರಾಡುತ್ತದೆಂದು ನೀವೇ ಲೆಕ್ಕ ಹಾಕಿರಿ. ನೀರು ಆಯಿಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ಬ್ಯಾರೆಲ್ ತುಂಬಿದ್ದಾಗ ಮೇಲಿನಿಂದ ಪಂಪಿನಲ್ಲಿ ಎತ್ತಿದವನಿಗೆ ಒಳ್ಳೆಯ ಆಯಿಲ್. ಕೊನೆಗೆ ಬಗ್ಗಿಸಿಕೊಂಡವನಿಗೆ ಹಾಲಿನಂತೆ ಕದಡಿದ್ದು. ಎರಡೂ ಒಂದೇ ಬ್ಯಾಚು! ಆಗ ಕಂಪೆನಿಯನ್ನು ದೂರಿ ಫಲವೇನು?

ಬ್ಯಾರೆಲನ್ನು ಸೂರಿನ ಕೆಳಗೆ, ಮರದ ತೊಲೆಗಳ ಮೇಲೆ ಅಡ್ಡ ಮಲಗಿಸಬೇಕು. ಎರಡು ಮುಚ್ಚಳಗಳೂ ಗಡಿಯಾರದ 3 ಮತ್ತು 9ರ ಜಾಗದಲ್ಲಿರಬೇಕು. ಆಗ ಒಳಗಿನಿಂದ ಆಯಿಲ್ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ, ಗಾಳಿಯಾಗಲಿ ನೀರಾಗಲಿ ಒಳಗೆ ಹೋಗದು. ನಿಲ್ಲಿಸಲೇಬೇಕಾದರೆ ಸ್ವಲ್ಪ ವಾರೆಯಾಗಿ, ನೀರು ಮುಚ್ಚಳದ ಕಡೆ ನಿಲ್ಲದಂತೆ ನಿಲ್ಲಿಸಿರಿ. ಕೈಪಂಪೂ ಒಂದು ದೊಡ್ಡ ಪಾಪಿ. ಬೆಳಗ್ಗೆ ಗೇರ್ ಆಯಿಲಿಗೆ, ಮಧ್ಯಾಹ್ನ ಎಂಜಿನ್ ಆಯಿಲಿಗೆ ಅದೇ ಪಂಪು. ಅಳೆಯುವ ಪಾತ್ರೆ ನಿನ್ನೆ ಡೀಸೆಲ್ ಅಳೆದದ್ದು. ಹೊಸ ಬ್ಯಾಚಿಗೆ ಡೀಸೆಲ್ ವಾಸನೆ ಬಂದರೆ ಮೊದಲು ಆ ಪಾತ್ರೆಯನ್ನು ಮೂಸಿರಿ.

ನೀರಿದೆಯೇ ಎಂದು ನೋಡುವ ಸುಲಭ ಉಪಾಯವೊಂದಿದೆ. ಅಡಿಗೆಗೆ ಬಾರದ ಹಳೆಯ ತಗಡನ್ನು ಸಾಸಿವೆ ಸಿಡಿಯುವಷ್ಟು ಕಾಯಿಸಿ, ಬೆಂಕಿಯಿಂದ ದೂರ ಇಳಿಸಿ, ಮುಖ ಹಿಂದಕ್ಕಿಟ್ಟುಕೊಂಡು ಒಂದೇ ಒಂದು ಹನಿ ಬಿಡಬೇಕು. ಚಟಪಟ ಎಂದರೆ ನೀರಿದೆ. ಸುಮ್ಮನೆ ಹೊಗೆಯಾಡಿ ಹರಡಿಕೊಂಡರೆ ಕಣ್ಣಿಗೆ ಬೀಳುವಷ್ಟು ನೀರಿಲ್ಲ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಂಜಿನಿಗೆ ಹಾಕಿದ ಮರುವಾರವೇ ಆಯಿಲ್ ಕಪ್ಪಾಯಿತು ಎಂಬ ದೂರೂ ಬರುತ್ತದೆ. ಡೀಸೆಲ್ ಎಂಜಿನಿನಲ್ಲಿ ಅದು ದೋಷವಲ್ಲ. ಮಸಿಯನ್ನು ಹಿಡಿದು ತೇಲಿಸುವ ಮದ್ದು ಕೆಲಸ ಮಾಡುತ್ತಿದೆ ಎಂದರ್ಥ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ಯಾರೆಲಾಗಲಿ ಡಬ್ಬವಾಗಲಿ, ತೆರೆದ ಕೂಡಲೆ, ಎಂಜಿನಿಗೆ ಹಾಕುವ ಮೊದಲೇ, ಒಣಗಿದ ಶುಭ್ರವಾದ ಸಣ್ಣ ಸೀಸೆಗೆ ಒಂದಷ್ಟು ತುಂಬಿ ಮುಚ್ಚಿಡಿ. ಮೇಲೆ ಚೀಟಿ ಅಂಟಿಸಿ: ಬ್ಯಾಚ್ ನಂಬರ್, ತಯಾರಾದ ತಿಂಗಳು, ತೆರೆದ ದಿನ, ಯಾವ ಗಾಡಿಗೆ ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ಗಂಟೆಗೆ ಹಾಕಿದ್ದು. ಅಷ್ಟನ್ನೇ ಒಂದು ನೋಟುಪುಸ್ತಕದಲ್ಲೂ ಬರೆಯಿರಿ. ಸಾಧ್ಯವಾದರೆ ಸ್ಟೋರ್ ಕೀಪರ್ ಎದುರಿನಲ್ಲಿ ಮಾಡಿ, ಅವರ ಸಹಿ ಪಡೆಯಿರಿ. ಎಂಜಿನ್ ಸವೆದಾಗ ಪ್ರಯೋಗಾಲಯದವರು ಓಡಿದ ಆಯಿಲಿನಲ್ಲಿ ಕಬ್ಬಿಣ ಎಷ್ಟು, ತಾಮ್ರ ಎಷ್ಟು, ಧೂಳಿನ ಸಿಲಿಕಾನ್ ಎಷ್ಟು ಎಂದು ನೋಡುತ್ತಾರೆ. ಆದರೆ ಹೊಸ ಆಯಿಲಿನಲ್ಲಿ ಮೊದಲೇ ಏನಿತ್ತು ಎಂದು ತಿಳಿಯದಿದ್ದರೆ ಮದ್ದಿನ ಅಂಶ ಕಡಿಮೆಯಾದದ್ದು ಓಟದಿಂದಲೋ, ಆ ಬ್ಯಾಚಿನಲ್ಲೇ ಕಡಿಮೆ ಇತ್ತೋ ಎಂದು ಹೇಳುವುದು ಕಷ್ಟ. ಹಾಕದೆ ಉಳಿದ ಆ ಸೀಸೆಯೇ ಅದನ್ನು ಹೇಳುವುದು.

ಗೂಡಲೂರು ಕಡೆಯ ಒಂದು ತೋಟದಲ್ಲಿ ಜನರೇಟರಿನ ಬೇರಿಂಗ್ ಹೋದಾಗ, ನೋಡಿಕೊಳ್ಳುತ್ತಿದ್ದವನು ಆಯಿಲ್ ಬದಲಿಸಲೇ ಇಲ್ಲವೆಂದು ಆಪಾದನೆ ಬಂತು. ಅವನು ಎರಡು ಸೀಸೆ ತಂದು ಮೇಜಿನ ಮೇಲಿಟ್ಟ. ಒಂದು ತಿಳಿಯಾಗಿತ್ತು, ಇನ್ನೊಂದರ ತಳದಲ್ಲಿ ನೀರು ನಿಂತಿತ್ತು. ಎರಡರ ಮೇಲೂ ದಿನಾಂಕವಿತ್ತು. ಅಲ್ಲಿಂದ ಮುಂದೆ ವಿಚಾರಣೆ ಅವನನ್ನು ಬಿಟ್ಟು ಸ್ಟೋರಿನ ಸೋರುವ ಸೂರಿನ ಕಡೆ ತಿರುಗಿತು.

ಕಾನೂನೂ ಸ್ವಲ್ಪ ನಮ್ಮ ಪಕ್ಕದಲ್ಲಿದೆ. ಕೆಲಸಗಾರನ ವಶಕ್ಕೆ ಒಪ್ಪಿಸಿದ ಸಾಮಾನಿಗೆ ನಷ್ಟವಾದರೆ, ಆ ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು. ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಅವನ ಸಮಜಾಯಿಷಿ ಕೇಳದೆಯೂ ಹಿಡಿಯುವಂತಿಲ್ಲ. ಹಿಂದೆ ಇದು 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. ಈಗ 2019ರ ವೇತನ ಸಂಹಿತೆಯಲ್ಲಿದೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಸಮಜಾಯಿಷಿ ಕೊಡುವ ದಿನ "ಆಯಿಲ್ ಕಪ್ಪಗಿತ್ತು ಸಾರ್" ಎಂದರೆ ಯಾರೂ ಕಿವಿಗೊಡರು. ಸೀಸೆ, ಚೀಟಿ, ಪುಸ್ತಕ ಈ ಮೂರನ್ನೂ ಮುಂದಿಡಬೇಕು.

ಸಾಲ ಮಾಡಿ ಸ್ವಂತ ಪಿಕಪ್ ಕೊಂಡು ತಾವೇ ಓಡಿಸುವ ನಮ್ಮ ಹುಡುಗರಿಗೆ ಒಂದು ಮಾತು. ವ್ಯಾಪಾರಕ್ಕೆ ಕೊಂಡ ಸಾಮಾನಿಗೆ ಗ್ರಾಹಕ ಕಾಯಿದೆ ಅನ್ವಯಿಸದು ಎಂದು ಅಂಗಡಿಯವನು ಹೆದರಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿ ಕೊಂಡವನನ್ನು 2019ರ ಕಾಯಿದೆ ಗ್ರಾಹಕನೆಂದೇ ಎಣಿಸುತ್ತದೆ. ಜಿಲ್ಲಾ ಗ್ರಾಹಕ ಆಯೋಗವು ಸರಕಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಲ್ಲದು. ಅದಕ್ಕೆ ಬಿಲ್ಲು ಬೇಕು. ಹತ್ತು ಇಪ್ಪತ್ತು ರೂಪಾಯಿ ಉಳಿಸಲು ಬಿಲ್ಲಿಲ್ಲದೆ ಕೊಂಡವನ ಕೈಯಲ್ಲಿ ಏನೂ ಇರುವುದಿಲ್ಲ. ಮುಚ್ಚಳದ ಉಂಗುರ ಮುರಿದಿರುವ, ಬೆಲೆ ವಿಪರೀತ ಕಡಿಮೆಯಿರುವ ಡಬ್ಬವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕಡೆಯದಾಗಿ ತಾಯಂದಿರಿಗೆ. ಖಾಲಿ ಆಯಿಲ್ ಡಬ್ಬ ಲೈನಿನ ಮನೆಮನೆಯಲ್ಲೂ ಇದೆ. ಎಷ್ಟೇ ತೊಳೆದರೂ ಅದರಲ್ಲಿ ಕುಡಿಯುವ ನೀರು ತುಂಬಬೇಡಿ. ಹಾಗೆಂದು ಗುಜರಿಯವನಿಗೆ ಇಡಿಯಾಗಿಯೂ ಕೊಡಬೇಡಿ, ಅದೇ ಡಬ್ಬ ನಕಲಿ ಆಯಿಲ್ ತುಂಬಿಕೊಂಡು ನಿಮ್ಮ ಮಗನ ಗಾಡಿಗೇ ಬರಬಹುದು. ಕತ್ತಿಯಿಂದ ನಡುವೆ ಸೀಳಿ ಕೊಡಿ. ಬೆಲೆ ಒಂದೆರಡು ರೂಪಾಯಿ ಕಡಿಮೆ ಸಿಕ್ಕೀತು, ಸಿಗಲಿ.