ಮರಳಿ ಬರಬಲ್ಲ ಬೆನ್ನುಮೂಳೆಯ ಗಡ್ಡೆ



ಹೆರಿಗೆಯ ನಂತರ ಸೊಂಟ ನೋಯುವುದು ಸಹಜವೆಂದು ಅನೇಕರು ಭಾವಿಸುತ್ತಾರೆ. ಬಹುಮಟ್ಟಿಗೆ ಅದು ದಿಟವೇ. ಆದರೆ ಮಲಗಿದರೂ ತಗ್ಗದೆ, ರಾತ್ರಿಯ ನಿದ್ರೆ ಕೆಡಿಸಿ, ವಾರಗಳು ಕಳೆದಂತೆ ಹೆಚ್ಚುತ್ತಲೇ ಹೋಗುವ ನೋವನ್ನು ಬಾಣಂತನದ ಪಥ್ಯ ತಪ್ಪಿದ ಫಲವೆಂದು ತಳ್ಳಿಹಾಕಬಾರದು. ಅಪರೂಪವಾಗಿ ಅದರ ಹಿಂದೆ ಜೈಂಟ್ ಸೆಲ್ ಗಡ್ಡೆ ಎಂಬ ಮೂಳೆಯ ರೋಗ ಅಡಗಿರಬಹುದು.

ಈ ಗಡ್ಡೆ ಹೆಚ್ಚಾಗಿ 20ರಿಂದ 40 ವರ್ಷ ವಯಸ್ಸಿನವರಲ್ಲಿ, ಅಂದರೆ ಸಂಸಾರ ಬೆಳೆಯುವ ಕಾಲದಲ್ಲಿಯೇ, ತಲೆದೋರುತ್ತದೆ. ಬೆನ್ನುಮೂಳೆಯಲ್ಲಿ ಇದರ ಮುಖ್ಯ ನೆಲೆ ಸೊಂಟದ ಕೆಳಗಿನ ತ್ರಿಕಾಸ್ಥಿ. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಅಂಟುರೋಗವಲ್ಲ, ಯಾರ ಕಾಲ್ಗುಣದಿಂದಲೂ ಬಂದುದಲ್ಲ. ಆದರೂ ಮೂಳೆಯನ್ನು ಒಳಗಿನಿಂದ ಸವೆಸಿ ನರಗಳನ್ನು ಒತ್ತುತ್ತದೆ. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಎಕ್ಸರೆಯೊಂದರಿಂದಲೇ ರೋಗ ನಿರ್ಧಾರವಾಗದು. ಗಡ್ಡೆಯ ಚೂರನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯೇ ಮುಖ್ಯ ಉಪಾಯ. ಆದರೆ ಸುತ್ತಲೂ ನರಗಳಿರುವ ಸ್ಥಳದಲ್ಲಿ ಗಡ್ಡೆಯನ್ನು ಪೂರ್ಣವಾಗಿ ತೆಗೆಯುವುದು ಕಷ್ಟ. ಉಳಿದುದು ಮರಳಿ ಬೆಳೆಯುತ್ತದೆ. ಇದು ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ ಸಂಭವಿಸುತ್ತದೆ. ಬಹುಕಾಲದ ನಂತರ ಮರುಕಳಿಸಿದ್ದೂ ಉಂಟು. ಕೆಲವೇ ಕೆಲವರಲ್ಲಿ ಶ್ವಾಸಕೋಶಕ್ಕೂ ಹರಡುತ್ತದೆ. ನೋವಿಲ್ಲವೆಂದು ತಪಾಸಣೆ ನಿಲ್ಲಿಸುವವರೇ ಹೆಚ್ಚು ತೊಂದರೆಗೀಡಾಗುವರು.

ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಿಗಾಗಿ 2013ರಲ್ಲಿ ಅಮೆರಿಕದಲ್ಲಿ ಡೆನೋಸುಮಾಬ್ ಎಂಬ ಚುಚ್ಚುಮದ್ದಿಗೆ ಅನುಮತಿ ದೊರೆಯಿತು. ಮೊದಲ ತಿಂಗಳಲ್ಲಿ ಎರಡು ಹೆಚ್ಚುವರಿ ಸೂಜಿ, ಅನಂತರ ನಾಲ್ಕು ವಾರಗಳಿಗೊಮ್ಮೆ. ಇದು ಗಡ್ಡೆಯನ್ನು ತಡೆಹಿಡಿಯುತ್ತದೆ, ಬೇರುಸಹಿತ ಕೀಳುವುದಿಲ್ಲ. ನಿಲ್ಲಿಸಿದ ಮೇಲೆ ಗಡ್ಡೆ ಮತ್ತೆ ಬೆಳೆಯಬಹುದು. ಆರಂಭಕ್ಕೆ ಮುನ್ನ ಹಲ್ಲುಗಳನ್ನು ತೋರಿಸಿಕೊಳ್ಳಬೇಕು. ವೈದ್ಯರು ಹೇಳಿದ ಸುಣ್ಣಾಂಶದ ಮಾತ್ರೆ ತಪ್ಪಿಸಬಾರದು.

ದಂಪತಿಗಳು ವಿಶೇಷವಾಗಿ ಗಮನಿಸಬೇಕಾದುದು ಒಂದಿದೆ. ಪತ್ನಿ ಈ ಔಷಧ ಪಡೆಯುತ್ತಿರುವಾಗಲೂ, ಕಡೆಯ ಸೂಜಿಯ ನಂತರ ಕನಿಷ್ಠ ಐದು ತಿಂಗಳವರೆಗೂ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ಇಲ್ಲವಾದರೆ ಶಿಶುವಿಗೆ ಹಾನಿ ತಟ್ಟಬಹುದು. ನಿರೋಧ್ ಬಳಸುವುದೋ, ಕಾಪರ್-ಟಿ ಹಾಕಿಸುವುದೋ ಎಂಬುದನ್ನು ಇಬ್ಬರೂ ಕೂಡಿ ವೈದ್ಯರೊಡನೆ ಮಾತನಾಡಿ ತೀರ್ಮಾನಿಸಿರಿ. ಆ ಭಾರವನ್ನು ನೋವಿನಲ್ಲಿರುವ ಹೆಣ್ಣಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮುಟ್ಟು ತಪ್ಪಿದ್ದರೆ ಎಕ್ಸರೆಗೆ ಮೊದಲೇ ತಿಳಿಸಿರಿ. ಮಗು ಬೇಕೆನಿಸಿದಾಗಲೂ ಮೊದಲು ಕೇಳಿರಿ. ಔಷಧ ನಿಲ್ಲಿಸಲು ತಕ್ಕ ಕಾಲವನ್ನು ಅವರು ಗೊತ್ತುಮಾಡುವರು.

ಹಳೆಯ ಎಕ್ಸರೆ ಚಿತ್ರಗಳನ್ನೂ ಚೀಟಿಗಳನ್ನೂ ತೇವ ತಾಗದಂತೆ ಪೆಟ್ಟಿಗೆಯಲ್ಲಿರಿಸಿ, ಪ್ರತಿ ತಪಾಸಣೆಗೂ ಕೊಂಡೊಯ್ಯಿರಿ. ಹಿಂದಿನದರೊಡನೆ ಹೋಲಿಸಿದಾಗಲೇ ಹೊಸ ಬೆಳವಣಿಗೆ ವೈದ್ಯರ ಕಣ್ಣಿಗೆ ಬೀಳುವುದು.