ತಟ್ಟೆಯಲ್ಲಿ ಅಡಗಿದ ಹಸಿವು

ಗೃಹವಿಜ್ಞಾನ ಎಂದೊಡನೆ ಅಡುಗೆ, ಹೊಲಿಗೆ ಎಂದು ಷರಾ ಬರೆದುಬಿಡುವವರು ಬಹಳ. ಅಮೆರಿಕದ ಪ್ರಾಧ್ಯಾಪಕಿ ಫ್ಲೆಮಿ ಕಿಟ್ರೆಲ್ ಅವರ ಬದುಕನ್ನು ನೆನೆದರೆ ಆ ಮಾತು ನಿಲ್ಲುವುದಿಲ್ಲ. 1904ರಲ್ಲಿ ಉತ್ತರ ಕೆರೊಲಿನಾದಲ್ಲಿ ಹುಟ್ಟಿದ ಈ ಕಪ್ಪು ಮಹಿಳೆ, 1936ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. 1944ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯ ಸೇರಿ, 1970ರ ದಶಕದ ಆರಂಭದಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಗೃಹವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದರು. 1947ರಲ್ಲಿ ಲೈಬೀರಿಯಾದ ಜನರ ಊಟವನ್ನು ಪರಿಶೀಲಿಸಿದಾಗ ಅವರಿಗೆ ಕಂಡದ್ದು ಹೆಚ್ಚಾಗಿ ಅನ್ನ ಮತ್ತು ಮರಗೆಣಸು. ಹೊಟ್ಟೆಯೇನೋ ತುಂಬುತ್ತಿತ್ತು, ಮೈಗೆ ಬೇಕಾದ ಪ್ರೋಟೀನು, ವಿಟಮಿನ್ನು ಸಿಗುತ್ತಿರಲಿಲ್ಲ. ಉಂಡವರಲ್ಲೂ ಹಸಿವು ಅಡಗಿರುತ್ತದೆ ಎಂಬುದನ್ನು ಅವರು ಲೋಕದ ಮುಂದಿಟ್ಟರು. ಇದು ಅಡುಗೆ ಪಾಠವಲ್ಲ, ಸಾರ್ವಜನಿಕ ಆರೋಗ್ಯದ ಶಾಸ್ತ್ರ.

ಗೃಹವಿಜ್ಞಾನವೇ ಹೆಣ್ಣುಮಕ್ಕಳನ್ನು ಒಲೆಗೆ ಕಟ್ಟಿಹಾಕಿತಲ್ಲವೇ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶ ಇಲ್ಲವೆನ್ನಲಾಗದು. ಕೆಲವೆಡೆ ಪಾಠ ಅಡುಗೆಮನೆಯ ಹೊಸ್ತಿಲು ದಾಟಲೇ ಇಲ್ಲ. ಆದರೆ ಅದು ಕಲಿಸಿದವರ ದೃಷ್ಟಿಯ ಮಿತಿ, ಶಾಸ್ತ್ರದ್ದಲ್ಲ. ಕಿಟ್ರೆಲ್ 1950ರಲ್ಲಿ ಭಾರತಕ್ಕೆ ಬಂದು, ಹಂಸಾ ಮೆಹ್ತಾ ಕುಲಪತಿಯಾಗಿದ್ದ ಬರೋಡಾ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನ ಶಿಕ್ಷಣ ಬೇರೂರಲು ನೆರವಾದರು. ಮುಂದೆ ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಅವರು ಹೋವರ್ಡ್‌ನಲ್ಲಿ ನಡೆಸಿದ ಶಿಶುವಿಹಾರದ ಪ್ರಯೋಗ, ಬಡ ಮಕ್ಕಳ ಶಾಲಾಪೂರ್ವ ಕಲಿಕೆಗಾಗಿ ಅಮೆರಿಕ ಸರ್ಕಾರ 1965ರಲ್ಲಿ ಶುರುಮಾಡಿದ ‘ಹೆಡ್ ಸ್ಟಾರ್ಟ್’ ಯೋಜನೆಗೆ ದಾರಿ ತೋರಿದವುಗಳಲ್ಲಿ ಒಂದು. ಮನೆಯನ್ನು ಅರಿತವರು ಸಮಾಜವನ್ನೂ ತಿದ್ದಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇಂದು ಮಗುವಿಗೆ ಅನ್ನ ಬಡಿಸುವಾಗ, ಪಕ್ಕದಲ್ಲಿ ಬೇಳೆಯೂ ಸೊಪ್ಪೂ ಇವೆಯೇ ಎಂದು ಒಮ್ಮೆ ನೋಡಿ.